ಹದಿನಾಲ್ಕನೆಯ ಕಿಟಕಿ

ಕಂಪ್ಯೂಟರಿಗೆ ನಾವು ಏನು ಕೊಡುತ್ತೇವೋ ಅದನ್ನೇ ಅದು ತೋರಿಸುತ್ತದೆ ಎಂದು ನಂಬಿದವಳು ನಾನು. ಯಾರಾದರೂ 'ಅಂಕಿ ತಾನಾಗಿಯೇ ಬದಲಾಯಿತು' ಎಂದರೆ, ಎಲ್ಲೋ ನಿಮ್ಮ ಬೆರಳು ತಪ್ಪಿದೆ ಎಂದು ಮುಖಕ್ಕೇ ಹೇಳುತ್ತಿದ್ದೆ. ದೆವ್ವ ಭೂತಗಳನ್ನು ಈಗಲೂ ನಂಬುವುದಿಲ್ಲ. ಆದ್ದರಿಂದ ಇದನ್ನು ನಡೆದ ಹಾಗೆಯೇ ಹೇಳುತ್ತೇನೆ. ನಿಮಗೇನಾದರೂ ಹೊಳೆದರೆ ಒಳ್ಳೆಯದೇ.

ಆಗ ನಾನು ಹಿಂದೂಪುರದಲ್ಲಿ ಒಬ್ಬ ಇಂಜಿನಿಯರ್ ಹತ್ತಿರ ಕಟ್ಟಡಗಳ ನಕ್ಷೆ ಮಾಡುವ ಕೆಲಸದಲ್ಲಿದ್ದೆ. ಕಲ್ಯಾಣದುರ್ಗದಲ್ಲಿ ಅನಸೂಯಮ್ಮ ಎಂಬ ನಿವೃತ್ತ ನರ್ಸ್ ಒಂದು ಕಟ್ಟಡ ಕಟ್ಟಿಸುತ್ತಿದ್ದರು. ಬಿದ್ದು ಸೊಂಟ ಮುರಿದವರು, ಲಕ್ವ ಹೊಡೆದವರು ಅಲ್ಲೇ ಇದ್ದು ಮತ್ತೆ ನಡೆಯಲು ಕಲಿಯಬೇಕೆಂಬುದು ಅವರ ಆಸೆ. ಅದರ ನಕ್ಷೆಯನ್ನು ಇಂಜಿನಿಯರ್ ಸಾರ್ ಮೊದಲ ಸಲ ಪೂರ್ತಿಯಾಗಿ ನನಗೇ ಒಪ್ಪಿಸಿದ್ದರು. ಬಾಗಿಲು ಕಿಟಕಿಗಳ ಅಳತೆಯೆಲ್ಲ ಒಂದು ಸ್ಪ್ರೆಡ್‌ಶೀಟಿನಲ್ಲಿತ್ತು. ಅದನ್ನು ವಿನ್ಯಾಸದ ಸಾಫ್ಟ್‌ವೇರಿಗೆ ಲಿಂಕ್ ಮಾಡಿದ್ದೆ. ಶೀಟಿನಲ್ಲಿ ಅಂಕಿ ತಿದ್ದಿ ಇಲ್ಲಿ ರಿಲೋಡ್ ಒತ್ತಿದರೆ ಸಾಕು, ನಕ್ಷೆಯ ಕಿಟಕಿಯೂ ಅದರಂತೆ ಮೇಲೇರುತ್ತದೆ ಇಲ್ಲವೆ ಕೆಳಗಿಳಿಯುತ್ತದೆ.

ಒಂದು ಸೋಮವಾರ ಮಧ್ಯಾಹ್ನ ಊಟ ಮುಗಿಸಿ ಬಂದು ರಿಲೋಡ್ ಒತ್ತಿದೆ. ಹದಿನಾಲ್ಕನೆಯ ಕಿಟಕಿ ಮಾತ್ರ ಕೆಳಗಿಳಿದು ನಿಂತಿತು. ಅದು ಸಾಮಾನು ಇಡುವ ಕೋಣೆಯ ಕಿಟಕಿ. ಉಳಿದವೆಲ್ಲ ನೆಲದಿಂದ ಒಂಬೈನೂರು ಮಿಲಿಮೀಟರ್, ಎಂದರೆ ಮೂರಡಿ ಎತ್ತರದಲ್ಲಿದ್ದವು. ಇದೊಂದು ನಾನೂರೈವತ್ತು, ಬರೀ ಒಂದೂವರೆ ಅಡಿ. ಶೀಟು ತೆರೆದು ನೋಡಿದೆ. ಅಲ್ಲಿ ಒಂಬೈನೂರು ಎಂದೇ ಇತ್ತು.

ಹಳೆಯ ಪ್ರತಿಗೆ ಲಿಂಕ್ ಆಗಿರಬೇಕೆಂದು ಅದನ್ನು ತೆಗೆದು ಹೊಸದಾಗಿ ಜೋಡಿಸಿದೆ. ಮತ್ತೆ ನಾನೂರೈವತ್ತು. ಅಡಗಿದ ಸಾಲುಗಳಿವೆಯೇ ಎಂದು ಹುಡುಕಿದೆ, ಇರಲಿಲ್ಲ. ಕೊನೆಗೆ ಖಾಲಿ ಶೀಟೊಂದರಲ್ಲಿ ಎಲ್ಲ ಅಳತೆಗಳನ್ನೂ ಒಂದೊಂದಾಗಿ ಟೈಪ್ ಮಾಡಿ ಜೋಡಿಸಿದೆ. ಆ ಒಂದು ಕಿಟಕಿ ಮಾತ್ರ ಮೂರಡಿಗೆ ಏರಲಿಲ್ಲ. ಇಂಜಿನಿಯರ್ ಸಾರ್ ಬಂದು ನೋಡಿದರು, ತಾವೂ ಎರಡು ಸಲ ಒತ್ತಿದರು. ಆಮೇಲೆ, ಲಿಂಕ್ ಬಿಟ್ಟು ಅದೊಂದನ್ನು ಕೈಯಲ್ಲೇ ತುಂಬಿ ಪ್ರಿಂಟ್ ತೆಗೆದು ನೀನೇ ಸೈಟಿಗೆ ಕೊಟ್ಟು ಬಾ ಎಂದರು. ಇನ್ನೊಂದು ತಪ್ಪಾದರೆ ಈ ನಕ್ಷೆ ಬೇರೆಯವರ ಟೇಬಲ್ಲಿಗೆ ಹೋಗುತ್ತದೆ ಎಂದೂ ಮೆಲ್ಲಗೆ ಹೇಳಿದರು.

ಬುಧವಾರ ಬೆಳಿಗ್ಗೆ ಹೊರಟು, ಪೆನುಕೊಂಡದಲ್ಲಿ ಬಸ್ಸು ಬದಲಾಯಿಸಿ, ಬಿಸಿಲೇರುವ ಹೊತ್ತಿಗೆ ಕಲ್ಯಾಣದುರ್ಗದ ಸೈಟಿನಲ್ಲಿದ್ದೆ. ಗೋಡೆಗಳು ಎದೆಯೆತ್ತರಕ್ಕೆ ಬಂದಿದ್ದವು. ಕಿಟಕಿಗಳಿಗೆ ಬಿಟ್ಟ ಜಾಗಗಳನ್ನು ಟೇಪು ಹಿಡಿದು ಒಂದೊಂದಾಗಿ ಅಳೆಯುತ್ತ ಹೋದೆ. ಎಲ್ಲ ಸರಿಯಾಗಿದ್ದವು. ಹಿಂಭಾಗದ ಸಾಮಾನು ಕೋಣೆಗೆ ಬಂದಾಗ ಅಳೆಯುವ ಅಗತ್ಯವೇ ಬೀಳಲಿಲ್ಲ. ಅಲ್ಲಿ ಗೋಡೆ ನನ್ನ ಮೊಣಕಾಲಿನ ಹತ್ತಿರ ನಿಂತುಬಿಟ್ಟಿತ್ತು. ಆದರೂ ಟೇಪು ಹಿಡಿದೆ. ಸರಿಯಾಗಿ ನಾನೂರೈವತ್ತು.

ಗಾರೆ ಮೇಸ್ತ್ರಿ ಓಬಳೇಶಪ್ಪ ಕುಂದುರ್ಪಿ ಕಡೆಯ ಹಿರಿಯರು, ಕೆಲಸದಲ್ಲಿ ಬಹಳ ಕಟ್ಟುನಿಟ್ಟಿನವರು. ಅವರ ಕೈಯಲ್ಲಿದ್ದದ್ದು ಹಳೆಯ ಪ್ರಿಂಟು, ಅದರಲ್ಲಿ ಒಂಬೈನೂರು ಎಂದೇ ಇತ್ತು. ಆಫೀಸಿನಿಂದ ಯಾರಾದರೂ ಫೋನ್ ಮಾಡಿದ್ದರೇ ಎಂದು ಕೇಳಿದೆ. ಅವರು ಕರಣೆ ಕೆಳಗಿಟ್ಟು, ತಪ್ಪು ಮಾಡಿದವರ ಹಾಗೆ ನಿಂತರು.

"ನಿಜಂಗಾ ಯಾರೂ ಹೇಳಿಲ್ಲ ಕಣಮ್ಮ. ಪೇಪರ್‌ನಾಗೆ ಏನೈತೆ ಅಂತ ನಂಗೂ ಗೊತ್ತು. ಇಲ್ಲಿಗಂಟ ಬಂದೆ, ಮುಂದಕ್ಕೆ ಇಟ್ಟಿಗೆ ಇಡಾಕೆ ಕೈ ಹೋಗ್ಲಿಲ್ಲ. ಇಷ್ಟೇ ಸಾಕು ಅನ್ನಿಸ್ಬುಡ್ತು. ನಾಳೆ ಏರಿಸೋನ ಅಂತ ಬಿಟ್ಟೆ. ಮಾರ್ನೆ ದಿನಾನೂ ಅಂಗೇ ಆಯ್ತು."

ಯಾವತ್ತು ಎಂದು ಕೇಳಿದೆ. ಸೋಮವಾರ, ಊಟ ಆದಮೇಲೆ ಎಂದರು. ನನ್ನ ನಕ್ಷೆಯಲ್ಲಿ ಕಿಟಕಿ ಕೆಳಗಿಳಿದದ್ದೂ ಅದೇ ಹೊತ್ತಿಗೆ.

ಅಷ್ಟರಲ್ಲಿ ಅನಸೂಯಮ್ಮ ಬಂದರು. ಬೈಸಿಕೊಳ್ಳಲು ಸಿದ್ಧಳಾಗಿಯೇ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಕೋಣೆಯೊಳಗೆ ಹೋಗಿ, ಸೀರೆ ಮಡಚಿಕೊಂಡು ನೆಲದ ಮೇಲೆ ಕೂತು, ಕಿಟಕಿಗೆ ಬಿಟ್ಟ ಜಾಗದಿಂದ ಆ ಕಡೆಯ ಬಯಲನ್ನು ನೋಡಿದರು. ಹೀಗೇ ಇರಲಿ, ಸಾಮಾನು ಬೇರೆ ಕಡೆ ಇಡೋಣ, ಇಲ್ಲಿ ಮನುಷ್ಯರು ಇರಲಿ ಎಂದರು. ಸಂಜೆ ಆಫೀಸಿಗೆ ಫೋನ್ ಮಾಡಿ, ನಕ್ಷೆಯನ್ನು ನಾನೇ ಮುಗಿಸಬೇಕೆಂದು ಸಾರ್‌ಗೂ ಹೇಳಿದರಂತೆ.

ಕಟ್ಟಡ ಮುಗಿದು ಕೆಲವು ತಿಂಗಳಾದ ಮೇಲೆ ಅಲ್ಲಿಗೆ ಹೋಗಿದ್ದೆ. ಆ ಕೋಣೆಯಲ್ಲಿ ಹನುಮಕ್ಕ ಎಂಬ ಕುರಿ ಕಾಯುವ ಹೆಂಗಸು ಇದ್ದಳು. ಬಂಡೆಯಿಂದ ಜಾರಿ ಬಿದ್ದು ಸೊಂಟ ಮುರಿದಿತ್ತು. ಬೀಳುವ ಭಯ ಎಷ್ಟಿತ್ತೆಂದರೆ ಮಂಚ ಹತ್ತಲು ಒಪ್ಪದೆ ನೆಲದ ಮೇಲೇ ಹಾಸಿಗೆ ಹಾಕಿಸಿಕೊಂಡಿದ್ದಳು. ಮೊದಲು ಬೇರೆ ಕೋಣೆಯಲ್ಲಿದ್ದಾಗ ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದಳು, ಊಟಕ್ಕೂ ಏಳುತ್ತಿರಲಿಲ್ಲ ಎಂದು ಅನಸೂಯಮ್ಮ ಹೇಳಿದರು. ಈಗ ದಿಂಬಿಗೆ ಒರಗಿ, ಆ ತಗ್ಗು ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ಬಯಲಿನಲ್ಲಿ ಯಾರದೋ ಮಂದೆ ಹೋಗುತ್ತಿತ್ತು.

"ಅಲ್ಲಿ ಒಂದು ಕುಂಟ್ತಾ ಐತೆ ನೋಡಮ್ಮ," ಎಂದಳು. "ಕಾಲ್ನಾಗೆ ಮುಳ್ಳು ಮುರ್ದೈತೆ. ಆ ಕಾಯೋನಿಗೆ ಗ್ಯಾನ ಇಲ್ಲ. ನಾನು ಎದ್ದ ದಿನ ಮೊದ್ಲು ಓಗಿ ಅವನ್ಗೆ ಬುದ್ಧಿ ಹೇಳ್ಬೇಕು."

ಎರಡು ತಿಂಗಳ ಮೇಲೆ ಅವಳು ವಾಕರ್ ಹಿಡಿದು ಆ ಬಯಲಿನ ಅಂಚಿನವರೆಗೂ ನಡೆದಳೆಂದು ಸುದ್ದಿ ಬಂತು.

ಶೀಟಿನಲ್ಲಿ ಏನೋ ದೋಷವಿತ್ತು ಎಂದು ಸಾರ್ ಇಂದಿಗೂ ಹೇಳುತ್ತಾರೆ. ಇದ್ದಿರಬಹುದು. ಆದರೆ ಆ ಶೀಟನ್ನು ಓಬಳೇಶಪ್ಪ ನೋಡಿರಲಿಲ್ಲ. ಆಮೇಲೆ ಎಷ್ಟೋ ಕಟ್ಟಡಗಳಿಗೆ ಶೀಟು ಜೋಡಿಸಿದ್ದೇನೆ, ಎಲ್ಲಿಯೂ ಒಂದು ಅಂಕಿ ಆಚೀಚೆಯಾಗಿಲ್ಲ. ಅಂದು ಅಷ್ಟು ದೂರದ ಆ ಎರಡು ಊರುಗಳಲ್ಲಿ, ಒಂದೇ ಹೊತ್ತಿನಲ್ಲಿ, ನನ್ನ ಯಂತ್ರವನ್ನೂ ಓಬಳೇಶಪ್ಪನವರ ಕೈಯನ್ನೂ ತಡೆದದ್ದು ಏನು? ಅವರನ್ನು ಕೇಳಿದರೆ, ಕೈ ಹೋಗಲಿಲ್ಲ ಅಷ್ಟೇ ಎನ್ನುತ್ತಾರೆ. ನನಗೂ ಗೊತ್ತಿಲ್ಲ.