ನಾಲ್ಕು ಬೆರಳಿನ ಕಣ್ಣು

ಬನಹಟ್ಟಿಯ ನಮ್ಮ ಓಣಿಯಲ್ಲಿ ಮೀನು ತಿನ್ನುವ ಮನೆ ನಮ್ಮದೊಂದೇ. ಮನೆ ಎಂದರೂ ತಪ್ಪೇ, ತಿನ್ನುವವರು ಅಪ್ಪ ಮತ್ತು ನಾನು ಇಬ್ಬರೇ. ಅವ್ವ ಬಾಯಿಗೆ ಮುಟ್ಟಿಸಿದವಳಲ್ಲ. ಆದರೆ ಅಡುಗೆ ಮಾತ್ರ ಅವಳದೇ. ಹಿತ್ತಲಲ್ಲಿ ಬೇರೆ ಒಲೆ, ಬೇರೆ ಗಡಿಗೆ, ಬೇರೆ ಸೌಟು. ಹುಣಸೆ, ಒಣಕೊಬ್ಬರಿ ಹಾಕಿ ಕುದಿಸಿ, ಬರೀ ವಾಸನೆಯ ಮೇಲೆ ಉಪ್ಪು ಹೆಚ್ಚೋ ಕಡಿಮೆಯೋ ಹೇಳುತ್ತಾಳೆ. ಆ ಮೂಗು ಇದುವರೆಗೆ ಒಮ್ಮೆಯೂ ತಪ್ಪಿಲ್ಲ.

ಮೀನು ತರುವವಳು ನನ್ನ ಅತ್ತಿ. ರಕ್ತಸಂಬಂಧವೇನೂ ಇಲ್ಲ. ರಬಕವಿಯ ಆಚೆ ಹೊಳೆದಂಡೆಯಲ್ಲಿ ಅವಳ ಮನೆ. ಗಂಡ ಹರಿಗೋಲು ನಡೆಸುತ್ತಾನೆ, ಬಲೆ ಬೀಸುವವಳು ಇವಳು. ನಾನು ಹುಟ್ಟುವ ಮೊದಲಿನಿಂದಲೂ ಬುಧವಾರಕ್ಕೊಮ್ಮೆ ಬುಟ್ಟಿ ಹೊತ್ತು ಬರುತ್ತಿದ್ದಾಳೆ. ಮೊದಲ ದಿನವೇ ಅಪ್ಪನನ್ನು ‘ಅಣ್ಣಾ’ ಎಂದಳಂತೆ. ಒಡಹುಟ್ಟಿದ ತಂಗಿಯಿಲ್ಲದ ಅಪ್ಪ ಅಷ್ಟಕ್ಕೇ ಕರಗಿಹೋದ. ಅಂದಿನಿಂದ ಪ್ರತಿ ನಾಗರ ಪಂಚಮಿಗೆ ನಮ್ಮ ಮಗ್ಗದ ಸೀರೆಯೊಂದು ಅವಳದು. ಅವ್ವನಿಗೂ ಅವಳ ಮೇಲೆ ಪ್ರೀತಿಯೇ. ಸಿಟ್ಟೆಲ್ಲ ಬುಟ್ಟಿಯ ಮೇಲೆ. ಅದು ಹಿತ್ತಲ ಹೊಸ್ತಿಲು ದಾಟುವಂತಿಲ್ಲ. ಅತ್ತಿ ಎದ್ದು ಹೋದಮೇಲೆ ಬುಟ್ಟಿ ಇಟ್ಟಿದ್ದ ಜಾಗಕ್ಕೆ ಎರಡು ತಂಬಿಗೆ ನೀರು ಸುರಿಯಲೇಬೇಕು. ಅವ್ವ ಆ ಬುಟ್ಟಿಯನ್ನು ಕೈಯಿಂದ ಮುಟ್ಟಿದ್ದನ್ನು ನಾನು ಕಂಡೇ ಇರಲಿಲ್ಲ.

ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ಅಪ್ಪ ಒಂದು ಘನಕಾರ್ಯ ಮಾಡಿದ. ಅತ್ತಿ ಅನಗವಾಡಿಯ ಮೈದುನನ ಮನೆಗೆ ಲಗ್ನಕ್ಕೆ ಹೊರಟವಳು, ಹರಿದ ಬಲೆಯನ್ನು ನಮ್ಮ ಪಡಸಾಲೆಯಲ್ಲಿ ಇಟ್ಟು ಹೋಗಿದ್ದಳು. ಹರಕು ಕಂಡರೆ ನೇಕಾರ ಸುಮ್ಮನೆ ಕೂತಾನೆಯೇ? ಎರಡು ದಿನ ಮಗ್ಗ ನಿಲ್ಲಿಸಿ ಅಪ್ಪ ಬಲೆ ಹಿಡಿದು ಕೂತ. ಒಳ್ಳೆಯ ನೇಯ್ಗೆ ಎಂದರೆ ಬಿಗಿ ನೇಯ್ಗೆ, ಅವನು ಕಲಿತದ್ದೇ ಅದು. ಹರಿದ ಕಡೆಯಷ್ಟೇ ಅಲ್ಲ, ಅಕ್ಕಪಕ್ಕದ ಬಲೆಯ ಕಣ್ಣುಗಳನ್ನೂ ದಾರ ಹಾಕಿ ಮುಚ್ಚಿಬಿಟ್ಟ. ಅತ್ತಿ ಬಂದಾಗ ಎದೆಯುಬ್ಬಿಸಿ ಅವಳ ಮುಂದೆ ಹರವಿದ.

“ನೋಡು, ಸೊಳ್ಳಿನೂ ದಾಟೂದಿಲ್ಲ ಈಗ!”

ಅತ್ತಿ ಹಣೆ ಬಡಿದುಕೊಂಡಳು. ಆಮೇಲೆ ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. “ಯಣ್ಣಾ, ಇದನ್ನೇನ ಸೀರಿ ಅಂತ ತಿಳದೀಯೇನ? ಬಲಿ ಇದು! ಮರಿ ಹೋಗಾಕ ಹಾದಿ ಬ್ಯಾಡೇನ?” ತನ್ನ ನಾಲ್ಕು ಬೆರಳು ಜೋಡಿಸಿ ಅಪ್ಪ ಮುಟ್ಟದೆ ಉಳಿದಿದ್ದ ಒಂದು ಕಣ್ಣಿನಲ್ಲಿ ತೂರಿಸಿ ತೋರಿಸಿದಳು. “ಇದರಾಗ ಹಾದು ಹೋಗೂವೆಲ್ಲಾ ಬರೂ ವರ್ಷದ ಮೀನ. ಅವನ್ನ ಈಗ ಹಿಡದರ ಬರೂ ವರ್ಷ ನಿನಗ ಏನ ತಂದು ಕೊಡ್ಲಿ?”

ಅಪ್ಪ ನೇಯ್ದದ್ದನ್ನೆಲ್ಲ ಬ್ಲೇಡಿನಿಂದ ಕತ್ತರಿಸಿ, ಗಂಟು ಹಾಕುವುದನ್ನು ಅವಳೇ ಅವನಿಗೆ ಕಲಿಸಿದಳು. ಆಮೇಲೆ ಅದೇ ಒಂದು ರೂಢಿಯಾಯಿತು. ಮಳೆ ಹಿಡಿದು ಹೊಳೆಗೆ ಕೆಂಪು ನೀರು ಬಂತೆಂದರೆ ಮೀನಿನ ಹೊಟ್ಟೆಯಲ್ಲಿ ತತ್ತಿ ಇರುತ್ತದೆಂದು ಅತ್ತಿ ಬಲೆ ಬೀಸುತ್ತಿರಲಿಲ್ಲ. ಬಲೆ ನಮ್ಮ ಮನೆಗೆ ಬರುತ್ತಿತ್ತು. ಅಪ್ಪ ತಿದ್ದಿ, ಪಂಚಮಿಯ ದಿನ ಸೀರೆಯ ಜೊತೆ ಮರಳಿ ಕೊಡುತ್ತಿದ್ದ. ಶ್ರಾವಣ ಮುಗಿದ ಮೇಲೆ ಮತ್ತೆ ಬುಧವಾರದ ಮೀನು.

ಆಗ ಮೊಳದುದ್ದದ ಮೀಸೆಯ ಬಾಳೆ ಮೀನು ಬರುತ್ತಿತ್ತು. ಈಗ ಅದನ್ನು ಕಂಡು ಎಷ್ಟೋ ವರ್ಷವಾಯಿತು. ಮೊದಲು ಬುಟ್ಟಿಯ ತಳ ಕಾಣುವಷ್ಟು ಕೊಳ್ಳುತ್ತಿದ್ದ ದುಡ್ಡಿಗೆ ಈಗ ಒಂದು ಬೊಗಸೆ ಬಂದರೆ ಪುಣ್ಯ. ವಾರದ ಮೀನು ಹದಿನೈದು ದಿನಕ್ಕಾಯಿತು, ಆಮೇಲೆ ತಿಂಗಳಿಗೊಮ್ಮೆ. ಆದರೂ ಅತ್ತಿ ಬುಧವಾರ ತಪ್ಪಿಸಲಿಲ್ಲ. ಕೊಳ್ಳದಿದ್ದರೂ ಚಹಾ ಕುಡಿದು, ಅಪ್ಪನ ಜೊತೆ ಹರಟಿ ಹೋಗುತ್ತಿದ್ದಳು. ನಾನು ಜಮಖಂಡಿಯ ಶಾಲೆಯೊಂದರಲ್ಲಿ ಕಲಿಸುತ್ತೇನೆ. ಸಂಬಳದ ದಿನ ಅಲ್ಲಿಯ ಪೇಟೆಯಿಂದ ಬರ್ಫದ ಪೆಟ್ಟಿಗೆಯ ಮೀನು ತಂದೆ. ಅಪ್ಪ ಒಂದು ತುತ್ತು ತಿಂದು, “ಇದು ಮೀನಲ್ಲ ಬೇ, ಮೀನಿನ ಫೋಟೋ” ಎಂದು ರೊಟ್ಟಿಗೆ ಮೊಸರು ಹಾಕಿಸಿಕೊಂಡ.

ಈ ಸಲ ಕೆಂಪು ನೀರು ಬಂತು, ಬಲೆ ಬರಲಿಲ್ಲ. ಅತ್ತಿಯೇ ಮೀನು ಹೊತ್ತು ಬಂದಳು, ಒಂದೊಂದೂ ಕಿರುಬೆರಳಿನಷ್ಟು. ಬೆಲೆ ಕೇಳಿ ನನಗೆ ತಲೆ ಕೆಟ್ಟಿತು.

“ಇಷ್ಟ ಸಣ್ಣ ಮೀನಿಗೆ ಇಷ್ಟ ರೇಟೇನ ಅತ್ತಿ? ನಮಗೂ ಟೋಪಿ ಹಾಕ್ತೀಯೇನ?”

ಮಾತಿಗೆ ಮಾತು ಕೊಡುವ ಅತ್ತಿ ಅಂದು ತಲೆ ತಗ್ಗಿಸಿದಳು. ಅಪ್ಪ ಒಂದು ಮೀನನ್ನೆತ್ತಿ ತನ್ನ ನಾಲ್ಕು ಬೆರಳಿನ ಪಕ್ಕ ಹಿಡಿದು ನೋಡಿದ.

“ನಮ್ಮ ಬಲಿ ಎಲ್ಲಿ ಐತಿ ತಂಗಿ?”

“ಅಟ್ಟದ ಮ್ಯಾಲ ಐತಿ ಅಣ್ಣಾ.” ಅವಳು ತಲೆ ಎತ್ತಲಿಲ್ಲ. “ಎಲ್ಲಾರೂ ಸೊಳ್ಳಿಪರದೆಯಂಥಾ ಬಲಿ ಎಳ್ಯಾಕತ್ತಾರ. ಮರಿ ತತ್ತಿ ಏನೂ ಬಿಡೂದಿಲ್ಲ. ನಮ್ಮ ಕಣ್ಣಿಗಿ ಬೀಳಾಕ ಮೀನರ ಎಲ್ಲಿ ಉಳದಾವು? ಅನಗವಾಡಿ ಮೈದುನ ಅಂಥಾದ್ದ ಒಂದು ಬಲಿ ಕೊಟ್ಟ, ತಗೊಂಡ್ನಿ. ಮನಿ ನಡೀಬೇಕಲ್ಲಾ.”

ಅಪ್ಪ ಬೈಯಲಿಲ್ಲ. ಆ ಮೀನನ್ನೇ ಕೊಂಡು, ಮುಳ್ಳು ಸಮೇತ ಅಗಿದು ಉಂಡ. ಆದರೆ ರುಚಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ನನಗೆ ನನ್ನ ನಾಲಿಗೆಯ ಮೇಲೆ ಅಸಹ್ಯವಾಯಿತು.

ಪಂಚಮಿಯ ದಿನ ಸೀರೆ ಕೊಡುತ್ತ ಅಪ್ಪ ಹೇಳಿದ: “ಬಲಿ ತಂದು ಕೊಡು. ಬೀಸೂದು ಬಿಡೂದು ನಿನಗ ಬಿಟ್ಟದ್ದು. ಅದು ನನ್ನ ಕೈಯಾಗ ಇಲ್ಲಂದ್ರ ನನಗ ಹಬ್ಬ ಅನಸೂದಿಲ್ಲ.”

ಮರುದಿನವೇ ಬಲೆ ಬಂತು. ಅರ್ಧ ಇಲಿಯ ಪಾಲಾಗಿತ್ತು. ಅಪ್ಪನ ಕಣ್ಣಿಗೆ ಪೊರೆ ಬಂದಿದೆ, ದಾರ ಕಾಣುವುದಿಲ್ಲ. ಅವನು ಹೇಳಿದಂತೆ ನಾನು ಗಂಟು ಹಾಕಿದೆ. ಸೀಮೆಸುಣ್ಣ ಹಿಡಿಯುವ ನನ್ನ ಬೆರಳುಗಳು ಸಣ್ಣವು, ಅಳತೆ ತಪ್ಪುತ್ತಿತ್ತು. ಅತ್ತಿಯೇ ಪಕ್ಕ ಕೂತು ಪ್ರತಿ ಕಣ್ಣಿಗೂ ಅಳತೆಗೆ ತನ್ನ ನಾಲ್ಕು ಬೆರಳು ಕೊಟ್ಟಳು. ಮೂರು ದಿನ ಹೀಗೆ ಕೂತೆವು. ಟೋಪಿಯ ಮಾತಿಗೆ ನಾನು ತಪ್ಪಾಯಿತೆಂದೆ. “ಹುಚ್ಚಿ” ಎಂದು ತಲೆಗೊಂದು ಮೊಟಕಿದಳು.

ಹೊರಡುವಾಗ ಅಪ್ಪನಿಗೆ ಹೇಳಿದಳು: “ದಿನಾ ಆಗೂದಿಲ್ಲಣ್ಣಾ, ಹೊಟ್ಟಿ ಕೇಳೂದಿಲ್ಲ. ಆದ್ರ ಈ ಮನಿಗಿ ಬರೂ ದಿನ ಇದೊಂದ ಬೀಸತೇನಿ.”

ಶ್ರಾವಣ ಮುಗಿದ ಮೊದಲ ಬುಧವಾರ ಅವ್ವ ಬೆಳಿಗ್ಗೆಯೇ ಮಸಾಲೆ ಅರೆದಿಟ್ಟಿದ್ದಳು. ಅಪ್ಪ ನಾಲ್ಕು ಸಲ ಹಿತ್ತಲಿಗೆ ಹೋಗಿ ಬಂದ. ಮಧ್ಯಾಹ್ನ ಅತ್ತಿ ಬಂದು ಬುಟ್ಟಿ ಇಳಿಸಿದಳು. ಒಳಗೆ ಏನೂ ಇರಲಿಲ್ಲ. ಅವಳ ಬೆರಳುಗಳ ಮೇಲೆ ಹಗ್ಗ ಎಳೆದ ಕೆಂಪು ಗೀರುಗಳಿದ್ದವು.

“ನಸುಕಿನಿಂದ ಬೀಸೀನಿ ಅಣ್ಣಾ. ಬರೇ ಮರಿ ಬಂದ್ವು, ಎಲ್ಲಾ ಕಣ್ಣಾಗ ಹಾದು ಹೋದ್ವು.”

“ಹಾದು ಹೋದ್ವಾ?” ಅಪ್ಪನ ಮುಖವೆಲ್ಲ ಅರಳಿತು. “ಎಲ್ಲಾನೂ? ಛಲೋ ಆತು ಬಿಡು!”

“ಮೀನ ಇಲ್ಲಂದ್ರ ಇಷ್ಟು ಖುಷಿ ಆಗೂ ಮನಷ್ಯಾನ್ನ ನಾ ಎಲ್ಲೂ ನೋಡಿಲ್ರೀ” ಎಂದು ಅವ್ವ ಗೊಣಗುತ್ತ, ಅರೆದ ಮಸಾಲೆಯನ್ನು ಬದನೆಕಾಯಿಗೆ ತುಂಬಿದಳು. ನಾಲ್ವರೂ ಒಟ್ಟಿಗೆ ಕೂತು ಉಂಡೆವು. ಬಹಳ ದಿನಗಳ ಮೇಲೆ ಅಪ್ಪ ಎರಡನೆಯ ರೊಟ್ಟಿ ಕೇಳಿದ.

ಅತ್ತಿ ಎದ್ದು ಬುಟ್ಟಿಗೆ ಕೈ ಹಾಕಿದಳು. ಅವ್ವ ತಡೆದಳು.

“ತವರುಮನಿಯಿಂದ ಬರೇ ಬುಟ್ಟಿ ಹೊತ್ಕೊಂಡು ಹೋಗ್ತಾರೇನ? ಕೊಡಿಲ್ಲಿ.”

“ವೈನಿ, ನಾತ ಬರತೈತಿ…”

ಅವ್ವ ಕೇಳಿಸಿಕೊಳ್ಳಲಿಲ್ಲ. ಬುಟ್ಟಿಯನ್ನು ಎರಡೂ ಕೈಯಿಂದ ಎತ್ತಿಕೊಂಡು ಹೊಸ್ತಿಲು ದಾಟಿ ಅಡುಗೆಮನೆಯೊಳಗೆ ಹೋದಳು. ಒಂದು ಬಿಳಿ ಅರಿವೆ ಹಾಸಿ, ರೊಟ್ಟಿಯ ಗಂಟು, ಶೇಂಗಾ ಹಿಂಡಿ, ಎರಡು ಸೇರು ಜೋಳ ಇಟ್ಟು ತಂದು ತಾನೇ ಅವಳ ತಲೆಯ ಮೇಲೆ ಹೊರಿಸಿದಳು. ಅತ್ತಿ ಓಣಿಯ ತಿರುವು ದಾಟುವವರೆಗೆ ಅವ್ವ ಬಾಗಿಲಲ್ಲೇ ನಿಂತಿದ್ದಳು. ರೂಢಿಯಂತೆ ನಾನು ತಂಬಿಗೆಯಲ್ಲಿ ನೀರು ತಂದೆ. “ಬ್ಯಾಡ, ಇರಲಿ ಬಿಡು” ಎಂದಳು ಅವ್ವ.