ಪ್ಲಗ್ ಮಾಮನ ಎಡಗೈ

ಹೋದ ತಿಂಗಳು ಮೈಕ್ರೋವೇವ್ ಸತ್ತೇಹೋಯಿತೆಂದು ಗುಮಾಸ್ತ ಅದನ್ನು ಹೆಗಲ ಮೇಲೆ ಹೊತ್ತು ಮೂರು ಮಹಡಿ ಇಳಿದಿದ್ದ; ರಿಪೇರಿ ಅಂಗಡಿಯ ಪ್ಲಗ್ ಮಾಮ ಮಕ್ಕಳು ಮುಟ್ಟದಂತೆ ಇರುವ ಚೈಲ್ಡ್ ಲಾಕು ಬಿದ್ದಿದ್ದನ್ನು ಕಂಡು, ಗುಂಡಿ ಒತ್ತಿಹಿಡಿದು ಬಿಡಿಸಿ ಬದುಕಿಸಿಬಿಟ್ಟ. ಇವತ್ತು ಮತ್ತೆ ಹೊತ್ತು ತಂದಿದ್ದಾನೆ; ಈ ಸಲ ತಟ್ಟೆ ತಿರುಗುತ್ತದೆ, ಅನ್ನ ಮಾತ್ರ ಬಿಸಿಯಾಗದು. ಯಾರೇ ಬರಲಿ, ಏನೇ ಕೆಡಲಿ, ಮಾಮನದು ಅದೇ ಪುರಾಣ: "ಪ್ಲಗ್ ನೋಡಿದ್ರಾ? ಬಾಗಿಲು ಸರಿಯಾಗಿ ಮುಚ್ಚಿದ್ರಾ? ಸ್ಟೀಲ್ ಡಬ್ಬಿ ಇಟ್ಟಿರಲಿಲ್ಲ ತಾನೇ?" ಆಮೇಲೆ ಪ್ಲಗ್ ಕಿತ್ತು, ಮುಚ್ಚಳ ಬಿಚ್ಚಿ, "ಒಳಗಿನ್ನೂ ಕರೆಂಟ್ ಉಳಿದಿರುತ್ತೆ, ದೂರ ನಿಂತ್ಕೊಳ್ಳಿ ಸ್ವಾಮಿ" ಎಂದು ಎಡಗೈಯನ್ನು ಜೇಬಿಗೆ ತುರುಕಿ, ಬಲಗೈಯೊಂದರಲ್ಲೇ ಬಸವನಹುಳುವಿನ ವೇಗದಲ್ಲಿ ಕೆಲಸ. ಸ್ಕ್ರೂ ಉರುಳಿ ಬಿದ್ದರೂ ಆ ಮಹಾರಾಯನ ಎಡಗೈ ಹೊರಗೆ ಬರುವುದಿಲ್ಲ. ಕಚೇರಿಗೆ ಹೊತ್ತಾಗುತ್ತಿದ್ದ ಗುಮಾಸ್ತ ಸಿಡುಕಿಯೇಬಿಟ್ಟ: "ಎರಡೂ ಕೈ ಹಾಕಿದ್ರೆ ಬೇಗ ಆಗಲ್ವೇನ್ರೀ?" ಮಾಮ ತಲೆಯೆತ್ತಲಿಲ್ಲ. "ಆಗುತ್ತೆ. ನಮ್ಮಣ್ಣ ಎರಡೂ ಕೈ ಹಾಕ್ತಿದ್ದ. ಶಾಕು ಒಂದು ಕೈಯಿಂದ ಇನ್ನೊಂದಕ್ಕೆ ಎದೆಯೊಳಗಿಂದ್ಲೇ ಹೋಯ್ತು. ಅಣ್ಣ ಉಳೀಲಿಲ್ಲ."