ಮಣ್ಣಿನ ಕಾಕಾನ ಚರಿಗೆ

ನಮ್ಮ ತಾಲೀಮಿನಲ್ಲಿ ಪೈಲ್ವಾನರು ಕುಸ್ತಿ ಬಿಟ್ಟರೆ ತಲೆಗೆ ಪಟಗಾ ಸುತ್ತಿ, ಹಲಗೆ ಬಾರಿಸಿ ಮನೆಗೆ ಕಳಿಸುತ್ತಿದ್ದರು. ಎಮ್ಮೆ ಮುದಿಯಾದರೆ ಖಜೂರಿ ಕಡೆಯ ದಲಾಲಿಗೆ ಮಾರುತ್ತಿದ್ದರು. ಅಖಾಡದ ಮಣ್ಣು ಕಡಿಯುವವನು ಮುದುಕನಾದರೆ ಏನು ಮಾಡಬೇಕೆಂದು ಮಾತ್ರ ಯಾರೂ ಯೋಚಿಸಿರಲಿಲ್ಲ. ಅವನನ್ನು ಮಾರಲಿಕ್ಕೆ ಬರುವುದಿಲ್ಲ, ಅವನಿಗೆ ಹಲಗೆ ಬಾರಿಸಿದರೆ ಸಮಿತಿಯ ಮರ್ಯಾದೆ ಉಳಿಯುವುದಿಲ್ಲ.

ಎಂಬತ್ತರ ದಶಕದ ಆಳಂದದ ಮಾತು ಇದು. ತಾಲೀಮು ಎಂದರೆ ಗರಡಿಮನೆ. ನಮ್ಮ ಪೈಲ್ವಾನರು ಅಫಜಲಪುರ, ಜೇವರ್ಗಿ ಎಂದು ಊರೂರಿಗೆ ಹೋಗಿ ದುಡ್ಡಿಗೆ ಕುಸ್ತಿ ಹಿಡಿಯುತ್ತಿದ್ದರು, ಅವರ ಇನಾಮಿನ ಪಾಲಿನಲ್ಲಿ ತಾಲೀಮು ನಡೆಯುತ್ತಿತ್ತು. ನಾನು ಅಲ್ಲಿ ಮಾಲೀಸು ಮಾಡುವವನು. ಮೊದಲು ನಾನೂ ಕುಸ್ತಿ ಹಿಡಿದವನೇ. ಅಖಾಡದಲ್ಲಿ ಮಲಗಿ ಆಕಾಶವನ್ನು ನನ್ನಷ್ಟು ಸಲ ನೋಡಿದವರು ಯಾರೂ ಇರಲಿಲ್ಲವಾದ್ದರಿಂದ ಎಣ್ಣೆ ಬಟ್ಟಲು ಹಿಡಿದೆ.

ಮಣ್ಣು ಕಡಿಯುವವನನ್ನು ಎಲ್ಲರೂ ಕಾಕಾ ಎನ್ನುತ್ತಿದ್ದೆವು. ನಮ್ಮದು ಎರೆಭೂಮಿ. ಕೆಂಪು ಮಣ್ಣನ್ನು ಹೊರಗಿನಿಂದ ತರಿಸಿ, ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ, ದಿನಾ ನಸುಕಿನಲ್ಲಿ ಅಗೆದು ಮೆತ್ತಗೆ ಮಾಡುವುದು ಅವನ ಕೆಲಸ. ಮಣ್ಣು ಮೆತ್ತಗಿತ್ತು, ಅವನ ಬಾಯಿ ಮೆತ್ತಗಿರಲಿಲ್ಲ. ಹೆಂಡತಿ ಮಕ್ಕಳಿಲ್ಲದ ಅವನಿಗೆ ತಾಲೀಮಿನ ಮೂಲೆಯ ಖೋಲಿ ಮತ್ತು ಎರಡು ಹೊತ್ತಿನ ರೊಟ್ಟಿಯೇ ಪಗಾರ. ಒಂದು ವರ್ಷ ಅವನ ಸೊಂಟ ಹಿಡಿಯಿತು. ನಾನು ತಿಕ್ಕಿದ್ದೇ ತಿಕ್ಕಿದ್ದು, ಎಣ್ಣೆ ಮುಗಿಯಿತೇ ಹೊರತು ಸೊಂಟ ಏಳಲಿಲ್ಲ. ಗುದ್ದಲಿ ಬಿಟ್ಟರೆ ಖೋಲಿಯನ್ನೂ ಬಿಡಬೇಕು, ರೊಟ್ಟಿಯನ್ನೂ ಬಿಡಬೇಕು.

ಕಾಕಾ ನನ್ನ ಹೆಗಲು ಹಿಡಿದುಕೊಂಡು ಸಮಿತಿಯ ಅಧ್ಯಕ್ಷರ ತೊಗರಿ ಅಡತಿ ಅಂಗಡಿಗೆ ಬಂದ.

"ಸಾವಕಾರ್ರ, ನನಗ ಪಿಂಚಣಿ ಬೇಕ್ರಿ."

ಅಧ್ಯಕ್ಷರು ನಕ್ಕರು. "ಕುಸ್ತಿಯೊಳಗ ಪಿಂಚಣಿ ಎಲ್ಲಿಂದ ಬಂತೋ ಕಾಕಾ?"

"ತಹಶೀಲ ಕಚೇರಿ ಜವಾನಗ ಅದ. ಅಂವ ಸ್ಟೂಲ್ ಮ್ಯಾಲ ಕುಂತು ನಿದ್ದಿ ಮಾಡ್ಯಾನ. ನಾ ನಿಂತು ಮಣ್ಣ ಕಡದೇನಿ."

"ಅದು ಸರಕಾರ."

"ಹಂಗಾರ ನೀವ್ಯಾರ್ರಿ?"

ಅಧ್ಯಕ್ಷರು ಸಮಿತಿಗೆ ಹೇಳಿ ಕಳಿಸಿದರು. ಸಮಿತಿ ಸೇರಿತು. ತಾಲೀಮಿನಲ್ಲಿ ಚಹಾ ನಿಷಿದ್ಧ, ಸಮಿತಿಗೆ ಅದು ಲಾಗೂ ಇಲ್ಲ. ಚಹಾ ಕುಡಿದು ತೀರ್ಮಾನ ಮಾಡಿದರು: ನಾಗರಪಂಚಮಿಯ ಕುಸ್ತಿಯಲ್ಲಿ ಕಾಕಾನಿಗೆ ಶಾಲು ಹೊದಿಸುವುದು, ಆಮೇಲೆ ಖೋಲಿ ಖಾಲಿ ಮಾಡಿಸಿ ಅಧ್ಯಕ್ಷರ ತೊಗರಿ ಚೀಲ ಇಡುವುದು.

ಪಂಚಮಿಯ ದಿನ ಅಧ್ಯಕ್ಷರ ಕೈಗೆ ಮೈಕು ಸಿಕ್ಕಿತು. ಅವರ ಕೈಗೆ ಮೈಕು ಸಿಕ್ಕರೆ ಮಂಗನ ಕೈಗೆ ಮಾಣಿಕ್ಯ ಸಿಕ್ಕಂತೆ. ಗಡಿಯಾಚೆಯ ಪೈಲ್ವಾನರೂ ಬಂದಿದ್ದರು. ಅಷ್ಟು ಮಂದಿಯ ಮುಂದೆ ಶಾಲು ತೀರ ತೆಳ್ಳಗೆ ಕಂಡಿರಬೇಕು. ಖರ್ಚಿಲ್ಲದ್ದು ಇನ್ನೇನಾದರೂ ಕೊಡೋಣ ಎಂದು ಹೇಳಿಯೇಬಿಟ್ಟರು: "ಇವತ್ತಿನಿಂದ ನಮ್ಮ ಕಾಕಾನೇ ಈ ತಾಲೀಮಿನ ಉಸ್ತಾದ್ರು."

ಜನ ಚಪ್ಪಾಳೆ ತಟ್ಟಿದರು. ಪೈಲ್ವಾನರು ಸಾಲಾಗಿ ಬಂದು ಕಾಲು ಮುಟ್ಟಿದರು. ಅಧ್ಯಕ್ಷರು ಅಡತಿ ಮಾಡಿದವರೇ ಹೊರತು ಕಚ್ಚೆ ಕಟ್ಟಿದವರಲ್ಲ. ಹಳೆಯ ಉಸ್ತಾದರು ತೀರಿಕೊಂಡ ಮೇಲೆ ಆ ಜಾಗ ಖಾಲಿ ಇತ್ತು. ಉಸ್ತಾದನಾದವನು ಸಾಯುವ ತನಕ ತಾಲೀಮಿನಲ್ಲೇ ಇರುತ್ತಾನೆ, ಬೆಳಗಿನ ಮೊದಲ ಚರಿಗೆ ಹಾಲು ಅವನದು, ಉಸ್ತಾದ ಇದ್ದಾಗ ಅವನ ಕೈಯಿಂದ ಒಂದು ಹಿಡಿ ಮಣ್ಣು ಪಡೆಯದೆ ಯಾರೂ ಅಖಾಡಕ್ಕೆ ಇಳಿಯುವಂತಿಲ್ಲ. ಇದು ನಮಗೆಲ್ಲ ಗೊತ್ತಿತ್ತು. ಕಾಕಾನಿಗಂತೂ ಚೆನ್ನಾಗಿ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಕಾಕಾ ಹಳೆಯ ಉಸ್ತಾದರ ಮಣೆಯ ಮೇಲೆ ಕೂತಿದ್ದ. ಕೂರಿಸಿದವನು ನಾನೇ. ಹೆಗಲಿಗೆ ಶಾಲು, ಪಕ್ಕದಲ್ಲಿ ಖಾಲಿ ಚರಿಗೆ, ಮುಷ್ಟಿಯಲ್ಲಿ ಮಣ್ಣು. ಪೈಲ್ವಾನರು ಲಂಗೋಟಿಯಲ್ಲಿ ಚಳಿಗೆ ನಡುಗುತ್ತ ನಿಂತಿದ್ದರು. ಸುದ್ದಿ ಕೇಳಿ ಅಧ್ಯಕ್ಷರು ಓಡಿ ಬಂದರು.

"ಕಾಕಾ, ಅದು ಮರ್ಯಾದಿಗಂತ ಅಂದಿದ್ದು."

"ಹೌದ್ರಿ. ನಾನೂ ಮರ್ಯಾದಿನೇ ಕೇಳಾಕತ್ತೇನಿ. ಒಂದು ಚರಿಗಿ."

ಅಧ್ಯಕ್ಷರು ಪೈಲ್ವಾನರಿಗೆ ಇಳಿಯಿರಿ ಎಂದು ಗದರಿದರು. ಮುಂದಿನ ವಾರ ಅಫಜಲಪುರದಲ್ಲಿ ದೊಡ್ಡ ಜೋಡಿಯ ಕುಸ್ತಿ ಇದ್ದ ಹಿರಿಯ ಪೈಲ್ವಾನ ಕೈ ಮುಗಿದ. "ಇಲ್ರಿ ಸಾವಕಾರ್ರ. ಉಸ್ತಾದ್ರು ಮಣ್ಣು ಕೊಡಬೇಕು. ನಾಳೆ ನನ್ನ ಮೊಣಕಾಲು ಮುರದ್ರ ನೀವೇನು ಪಿಂಚಣಿ ಕೊಡ್ತೀರೇನು?"

ಹಾಲು ಬಂತು. ಕಾಕಾ ಒಂದು ಗುಟುಕು ಕುಡಿದು ಮುಖ ಕಿವುಚಿ ನನ್ನ ಕಡೆ ತಿರುಗಿದ. "ನನಗ ಹಾಲು ಸೇರೂದಿಲ್ಲಲೇ. ಚಹಾ ಮಾಡು."

ತಾಲೀಮಿನ ಒಳಗೆ, ಹನುಮಂತದೇವರ ಎದುರಿಗೆ ಚಹಾ ಕುದಿಸಿದೆ. ಸೊರ್ರೆಂದು ಕುಡಿದು ಮುಗಿಸಿದ ಮೇಲೆಯೇ ಕಾಕಾ ಮುಷ್ಟಿ ಬಿಚ್ಚಿದ.

ತೊಗರಿ ಚೀಲಗಳು ಬೇರೆ ಜಾಗ ಹುಡುಕಿಕೊಂಡವು. ಕಾಕಾ ಅದೇ ಖೋಲಿಯಲ್ಲಿ ಬಹಳ ವರ್ಷ ಬದುಕಿದ. ಅವನ ಚಹಾ ಕುದಿಸುವಾಗೆಲ್ಲ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅವನು ಸತ್ತಾಗ ಪೈಲ್ವಾನರೇ ಹೆಗಲು ಕೊಟ್ಟರು, ಅಖಾಡದ ಮಣ್ಣನ್ನೇ ಮೇಲೆ ಹಾಕಿದರು. ನಾನು ನಾಚಿಕೆ ಬಿಟ್ಟು ಅತ್ತೆ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನನ್ನ ಬೆರಳುಗಳು ಗಂಟುಗಟ್ಟಿ, ಬಟ್ಟಲು ಹಿಡಿಯಲು ಬರದಾಯಿತು. ಅಷ್ಟರಲ್ಲಿ ಅಧ್ಯಕ್ಷರು ತೀರಿಕೊಂಡು ಅವರ ಮಗ ಅಧ್ಯಕ್ಷನಾಗಿದ್ದ. ಬೇಸಿಗೆಯ ಕುಸ್ತಿಯಲ್ಲಿ ಶಾಲು ಹೊದಿಸಲೆಂದು ನನ್ನನ್ನೂ ವೇದಿಕೆ ಹತ್ತಿಸಿದರು. ಹುಡುಗ ಮೈಕು ಹಿಡಿದು, "ಇವರು... ಇವರು..." ಎಂದು ತಡವರಿಸಿ, ಕೊನೆಗೆ, "ಇವರು ನಿಮಗೆಲ್ಲ ಗೊತ್ತಿದ್ದವರೇ" ಎಂದು ಮುಗಿಸಿದ.

ನಾನು ಅವನ ಕಿವಿಯ ಹತ್ತಿರ ಬಾಗಿದೆ. "ಏನರ ಒಂದು ಅನ್ರಿ, ಸಾವಕಾರ್ರ."

"ಇಲ್ರಿ. ನಮ್ಮಪ್ಪ ಸಾಯೂ ಮುಂದ ಹೇಳ್ಯಾನ, ಶಾಲು ಎಷ್ಟರ ಹೊದಸು, ಬಾಯಿ ಮಾತ್ರ ತೆಗೀಬ್ಯಾಡ ಅಂತ."

ಆ ಹೊತ್ತು ಕಾಕಾ ಬಹಳ ನೆನಪಾದ. ಆ ರಣಬಿಸಿಲಿನಲ್ಲಿ ನನಗೆ ಎರಡು ಶಾಲು ಹೊದಿಸಿದರು. ಈಗ ಚಹಾಕ್ಕೆ ಹಾಲನ್ನು ನಾನೇ ಕೊಂಡು ತರುತ್ತೇನೆ.